ಸರಿ-ತಪ್ಪು ಹುಟ್ಟಿನಿಂದ ಬರುತ್ತದೆಯೇ, ಊರು ಕಲಿಸುತ್ತದೆಯೇ?

ಎರಡೂ ಹೌದು. ಕಾರವಾರದ ನಮ್ಮ ಮನೆಯಲ್ಲಿ ಬಂಗಡೆ ಸಾರಿಲ್ಲದಿದ್ದರೆ ಊಟವೇ ಸೇರುವುದಿಲ್ಲ, ಶಿರಸಿಯ ಹವ್ಯಕ ಗೆಳೆಯನ ಮನೆಯೊಳಗೆ ಮೀನು ಬರುವಂತೆಯೇ ಇಲ್ಲ. ಇದು ಸಂಸ್ಕೃತಿ ಕಲಿಸಿದ್ದು. ಆದರೆ ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಜೊತೆಗೆ ಬೆಲ್ಲದ ತುಂಡು, ಎರಡೂ ಮನೆಯಲ್ಲಿ ಅದೇ ಅಲ್ವಾ? 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಎಂಬ ಮೂಲ ಎಲ್ಲರಿಗೂ ಒಂದೇ, ವಿವರಕ್ಕೆ ಇಳಿದಷ್ಟೂ ವ್ಯತ್ಯಾಸ ಜಾಸ್ತಿ.

ಹಾಗಂತ ರೂಢಿಯಲ್ಲಿದ್ದದ್ದೆಲ್ಲ, ಕಾನೂನು ಒಪ್ಪಿದ್ದೆಲ್ಲ ಸರಿ ಅಂತಲ್ಲ. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಕಡಿಯುವುದಕ್ಕೆ ಸರ್ಕಾರದ ಒಪ್ಪಿಗೆ ಇತ್ತು. ಆದರೂ ಅದು ತಪ್ಪು ಅಂತ ಅವರಿಗೆ ಅನ್ನಿಸಿತು.