ಸಿಲಿಂಡರ್ ಹೆಡ್ ಬದಲಿಸಿದರೆ ಕಂಪ್ರೆಷನ್ ರೇಶಿಯೋ ಎಷ್ಟಾಗುತ್ತದೆ?

ಪುಸ್ತಕದಲ್ಲಿ ರೇಶಿಯೋ 9, ಹಳೆ ಹೆಡ್‌ನ ಚೇಂಬರ್ (ಮಿಶ್ರಣ ಉರಿಯುವ ಗುಳಿ) 42 ಸಿಸಿ, ಹೊಸದರದ್ದು 38 ಸಿಸಿ; 9 ಅನ್ನು 42ರಿಂದ ಗುಣಿಸಿ 38ರಿಂದ ಭಾಗಿಸಿದೆ, 9.95 ಬಂತು, ಸರಿ ಇದೆಯಾ ಅಂತ ಕೇಳಿದ್ದೀರಿ. ಸರಿ ಇಲ್ಲ. ಆದರೆ ನಗುವ ಯೋಗ್ಯತೆ ನನಗಿಲ್ಲ. ಇದಕ್ಕಿಂತ ನೀಟಾಗಿ ಲೆಕ್ಕ ಬರೆದು, ಮತ್ತೆ ಮತ್ತೆ ಕೂಡಿಸಿ ನೋಡಿ, ಕೊನೆಗೆ ಪಿಸ್ಟನ್ ಒಡೆದುಕೊಂಡವನು ನಾನು.

ಮೊದಲು ನಿಮ್ಮದನ್ನು ಮುಗಿಸಿಬಿಡೋಣ. ಕಂಪ್ರೆಷನ್ ರೇಶಿಯೋ ಅಂದರೆ ಪಿಸ್ಟನ್ ಪೂರ್ತಿ ಕೆಳಗಿದ್ದಾಗಿನ ಜಾಗ, ಪೂರ್ತಿ ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಅನ್ನುವುದು. ಬೋರ್ (ಸಿಲಿಂಡರಿನ ಅಡ್ಡಳತೆ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 80 ಮಿ.ಮೀ. ಅಂದರೆ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗ 402 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಎಷ್ಟು ಜಾಗ ಉಳಿಯುತ್ತದೋ ಅದರಿಂದ ಇದನ್ನು ಭಾಗಿಸಿ, 1 ಕೂಡಿಸಿದರೆ ರೇಶಿಯೋ ಬಂತು. ಈ ಉಳಿಯುವ ಜಾಗ ಬರೀ ಹೆಡ್‌ನ ಚೇಂಬರ್ ಅಲ್ಲ. ನಿಮ್ಮ ಗುಣಾಕಾರ ತಪ್ಪಿದ್ದೇ ಅಲ್ಲಿ. ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ದಪ್ಪದಲ್ಲಿ ಒಂದಿಷ್ಟು ಜಾಗ ಇರುತ್ತದೆ. ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ ಕೆಳಗೇ ನಿಂತರೆ ಅಲ್ಲೊಂದಿಷ್ಟು. ಪಿಸ್ಟನ್ ತಲೆಯಲ್ಲಿ ತಗ್ಗಿದ್ದರೆ ಅದೂ ಸೇರಬೇಕು. ಪುಸ್ತಕದಲ್ಲಿರುವ 9 ನಿಜ ಅಂತಿಟ್ಟುಕೊಂಡರೆ, 402ನ್ನು 8ರಿಂದ ಭಾಗಿಸಿ: ಒಟ್ಟು 50.3 ಸಿಸಿ. ಹೊಸ ಹೆಡ್ 4 ಸಿಸಿ ಚಿಕ್ಕದು, ಹಾಗಾಗಿ 46.3. ರೇಶಿಯೋ 9.7ರ ಹತ್ತಿರ. ಅಷ್ಟೇ.

ಆದರೆ ಪುಸ್ತಕದ 9ನ್ನು ಯಾಕೆ ನಂಬುತ್ತೀರಿ? ಹಳೆಯ ಎಂಜಿನ್ ಅಂದಮೇಲೆ ಹೆಡ್ ಯಾವತ್ತೋ ಒಮ್ಮೆ ಮಿಲ್ಲಿಂಗ್ (ತಳ ಸವೆಸಿ ಸಪಾಟು ಮಾಡುವುದು) ಆಗಿರಬಹುದು, ಗ್ಯಾಸ್ಕೆಟ್ ಬೇರೆ ದಪ್ಪದ್ದು ಬಿದ್ದಿರಬಹುದು. ಹೆಡ್ ಡಬ್ಬದ ಮೇಲಿನ 38 ಕೂಡ ಅಂದಾಜೇ. ಹಳೆ ರೇಶಿಯೋದಿಂದ ಹೊಸದನ್ನು ಹುಟ್ಟಿಸುವ ಯೋಚನೆಯನ್ನೇ ಬಿಡಿ. ಪ್ರತಿಯೊಂದನ್ನೂ ಅಳೆಯಿರಿ. ಯಾಕೆ ಇಷ್ಟು ಹಟ ಅಂತೀರಾ?

ನನ್ನ ಎಂಜಿನ್ನೂ ಇದೇ ಅಳತೆಯದು, ಕಾರ್ಬ್ಯುರೇಟರ್ ಕಾಲದ್ದು. ಹೆಡ್ ಜೊತೆಗೆ ಪಿಸ್ಟನ್ನೂ ಬದಲಿಸಿದೆ. ಹೆಡ್ 40 ಸಿಸಿ. ಗ್ಯಾಸ್ಕೆಟ್ ಬಿಗಿದ ಮೇಲೆ 1.2 ಮಿ.ಮೀ., ಅದರ ತೂತು 81.5, ಅಂದರೆ 6.3 ಸಿಸಿ. ಪಿಸ್ಟನ್ ಅರ್ಧ ಮಿ.ಮೀ. ಕೆಳಗೆ ನಿಲ್ಲುತ್ತಿತ್ತು, ಅದು 2.5 ಸಿಸಿ. ಇಷ್ಟೂ ಸರಿಯಾಗಿಯೇ ಇತ್ತು. ಪಿಸ್ಟನ್ ಕ್ಯಾಟಲಾಗಿನಲ್ಲಿ 'ಪ್ಲಸ್ 4 ಸಿಸಿ' ಅಂತ ಇತ್ತು. ಪ್ಲಸ್ ಅಂದರೆ ಕೂಡಿಸುವುದು ಅಲ್ವಾ? ಕೂಡಿಸಿದೆ.

ಅಲ್ಲೇ ಹೋಯಿತು ಎಲ್ಲಾ. ಕೆಲವು ಕ್ಯಾಟಲಾಗುಗಳು ಪಿಸ್ಟನ್ ಕಡೆಯಿಂದ ಲೆಕ್ಕ ಹಿಡಿಯುತ್ತವೆ. ಅವರಿಗೆ ಪ್ಲಸ್ ಅಂದರೆ ಪಿಸ್ಟನ್ ತಲೆ ಮೇಲಕ್ಕೆ ಉಬ್ಬಿದೆ, ಅಂದರೆ ಡೋಮ್. ಮೈನಸ್ ಅಂದರೆ ತಗ್ಗು. ರೇಶಿಯೋ ಲೆಕ್ಕ ಹಾಕುವ ಕ್ಯಾಲ್ಕ್ಯುಲೇಟರ್‌ಗಳು ಎಷ್ಟೋ ಸಲ ಜಾಗದ ಕಡೆಯಿಂದ ನೋಡುತ್ತವೆ. ಅಲ್ಲಿ ತಗ್ಗು ಪ್ಲಸ್, ಉಬ್ಬು ಮೈನಸ್. ಎರಡೂ ಅವರವರ ಮಟ್ಟಿಗೆ ಸರಿ. ಉಬ್ಬು ಜಾಗವನ್ನು ತಿನ್ನುತ್ತದೆ, ನಾನು ಅದನ್ನು ಜಾಗ ಅಂತ ಎಣಿಸಿದೆ. 4 ಸಿಸಿ ಕಳೆಯುವಲ್ಲಿ 4 ಕೂಡಿಸಿದರೆ ತಪ್ಪಾಗುವುದು 4 ಅಲ್ಲ, 8. ಒಟ್ಟು ಜಾಗವೇ 45ರ ಆಸುಪಾಸು ಇರುವಾಗ 8 ಸಿಸಿ ಅಂದರೆ ಸುಮ್ನೆ ಮಾತಲ್ಲ. ಆ ಉಬ್ಬು ಕಣ್ಣಿಗೆ ಕಾಣುತ್ತಿತ್ತು ಕಣ್ರೀ! ಕೈಯಲ್ಲಿ ಹಿಡಿದು ರಿಂಗ್ ಹಾಕಿದ್ದೂ ನಾನೇ. ಆದರೆ ಹಾಳೆಯ ಮೇಲೆ ಬರೆದದ್ದನ್ನು ಪಿಸ್ಟನ್ ಜೊತೆ ಹೋಲಿಸಿ ನೋಡಬೇಕು ಅಂತ ಹೊಳೆಯಲಿಲ್ಲ.

ಕೂಡಿಸಿದಾಗ ಬಂದದ್ದು 52.8, ರೇಶಿಯೋ 8.6. ನನಗೆ ಬೇಕಾಗಿದ್ದು ಅದಕ್ಕಿಂತ ಜಾಸ್ತಿ. ಹೆಡ್ ಮಿಲ್ಲಿಂಗ್ ಮಾಡಿಸಿ ಚೇಂಬರ್ 38ಕ್ಕೆ ಇಳಿಸಿದೆ, 8.9 ಆಯಿತು ಅಂದುಕೊಂಡೆ. ನಿಜವಾಗಿ ಒಳಗೆ ಇದ್ದದ್ದು 42.8 ಸಿಸಿ. ರೇಶಿಯೋ 10.4! ಹೊಟ್ಟೆ ಉರಿಯುವ ವಿಷಯ ಏನಂದರೆ, ಮಿಲ್ಲಿಂಗ್ ಮಾಡಿಸದೆ ಬಿಟ್ಟಿದ್ದರೆ 10 ಇರುತ್ತಿತ್ತು. ಅದು ಹೇಗೋ ನಡೆಯುತ್ತಿತ್ತೇನೋ.

ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ರೇಶಿಯೋ ಕಡಿಮೆ ಇದೆ ಅನ್ನುವ ಧೈರ್ಯದಲ್ಲಿ ಇಗ್ನಿಷನ್ ಟೈಮಿಂಗ್ ಮುಂದಕ್ಕೆ ಇಟ್ಟೆ, ಅಂದರೆ ಕಿಡಿ ಇನ್ನೂ ಬೇಗ ಹಾರುವಂತೆ. ಕಂಪ್ರೆಷನ್ ಗೇಜ್ ಹಾಕಿದರೆ ಮುಳ್ಳು ನಾನು ಎಣಿಸಿದ್ದಕ್ಕಿಂತ ಮೇಲೆ ಹೋಯಿತು. ಖುಷಿಪಟ್ಟೆ, ರಿಂಗ್ ಚೆನ್ನಾಗಿ ಕೂತಿದೆ ಅಂತ. ಏರಿನಲ್ಲಿ ಲೋಡ್ ಬಿದ್ದಾಗ ಟಕಟಕ ಅಂತ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವ ಸದ್ದು) ಕೇಳಿಸುತ್ತಿತ್ತು. ವಾಲ್ವ್ ತಳ್ಳುವ ಟ್ಯಾಪೆಟ್ ಸದ್ದು ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಅಂಚು ಮುರಿದಿತ್ತು. ಆ ಚೂರುಗಳು ಸಿಲಿಂಡರ್ ಗೋಡೆಯನ್ನೂ ಗೀರಿದ್ದವು. ಮತ್ತೆ ಸಿಲಿಂಡರ್ ಕೊರೆಸುವ ಬೋರಿಂಗ್, ಮತ್ತೆ ಪಿಸ್ಟನ್ ಸೆಟ್.

ಈಗ ನಾನು ಪಿಸ್ಟನ್ ತಲೆಯನ್ನು ಅಳೆಯುವ ರೀತಿ ಹೇಳುತ್ತೇನೆ. ಪ್ಲಸ್ ಮೈನಸ್ಸಿನ ಗೊಡವೆಯೇ ಇಲ್ಲ. ಪಿಸ್ಟನ್ನನ್ನು ಬ್ಲಾಕಿನ ಮೇಲ್ಮೈಯಿಂದ ಸರಿಯಾಗಿ 10 ಮಿ.ಮೀ. ಕೆಳಗಿಳಿಸಿ. ಡೋಮ್ ಇದ್ದರೆ ಅಳತೆಯನ್ನು ಅದರ ಅಂಚಿನಲ್ಲಿರುವ ಸಪಾಟು ಭಾಗದಿಂದ ಹಿಡಿಯಿರಿ, ತುದಿಯಿಂದ ಅಲ್ಲ. ಸುತ್ತ ತೆಳುವಾಗಿ ಗ್ರೀಸ್ ಮೆತ್ತಿ. ತೂತಿರುವ ದಪ್ಪ ಅಕ್ರಿಲಿಕ್ ಹಲಗೆ ಮುಚ್ಚಿ, ಬ್ಯೂರೆಟ್ಟಿನಿಂದ (ಅಳತೆ ಗೆರೆಯಿರುವ ಕೊಳವೆ) ಬಣ್ಣ ಹಾಕಿದ ಸ್ಪಿರಿಟ್ ಬಿಡಿ. ಸಪಾಟು ಪಿಸ್ಟನ್ ಆಗಿದ್ದರೆ 50.3 ಸಿಸಿ ಹಿಡಿಯಬೇಕು. ನನ್ನದು ಕೊನೆಗೂ ಅಳೆದಾಗ ಹಿಡಿದದ್ದು 46.3. ಎಷ್ಟು ಕಡಿಮೆಯೋ ಅಷ್ಟು ಉಬ್ಬು, ಎಷ್ಟು ಜಾಸ್ತಿಯೋ ಅಷ್ಟು ತಗ್ಗು.

ಚೇಂಬರಿಗೂ ಇದೇ ಹಲಗೆ, ಇದೇ ಬ್ಯೂರೆಟ್. ವಾಲ್ವ್‌ಗಳು ಕೂತಿರಬೇಕು, ನೀವು ನಿಜವಾಗಿ ಬಳಸುವ ಸ್ಪಾರ್ಕ್ ಪ್ಲಗ್ಗೇ ಇರಬೇಕು. ಹೆಡ್ಡನ್ನು ಸ್ವಲ್ಪ ವಾಲಿಸಿ, ಗುಳ್ಳೆ ತೂತಿನ ಕಡೆಗೆ ಬರಲಿ. ಎಲ್ಲಾ ಚೇಂಬರ್‌ಗಳನ್ನೂ ಅಳೆಯಿರಿ, ಒಂದನ್ನೇ ಅಲ್ಲ.

ಅಳೆದ ಮೇಲೆ ರೇಶಿಯೋ ನಿಮ್ಮ ಪೆಟ್ರೋಲಿಗೆ ಜಾಸ್ತಿ ಅನ್ನಿಸಿದರೆ ದಪ್ಪ ಗ್ಯಾಸ್ಕೆಟ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಿಸ್ಟನ್ ಅಂಚು ಹೆಡ್‌ನ ಸಪಾಟು ಭಾಗಕ್ಕೆ ಹತ್ತಿರ ಬಂದಷ್ಟೂ ಮಿಶ್ರಣ ಚೆನ್ನಾಗಿ ಕಲಕುತ್ತದೆ, ನಾಕಿಂಗ್ ಕಡಿಮೆ. ಅಲ್ಲಿ 1 ಮಿ.ಮೀ. ಆಸುಪಾಸು ಅಂತರ ಒಳ್ಳೆಯದು. ದಪ್ಪ ಗ್ಯಾಸ್ಕೆಟ್ ಅದನ್ನೇ ಕೆಡಿಸುತ್ತದೆ. ಅದರ ಬದಲು ಚೇಂಬರಿನಲ್ಲಿ ಉಜ್ಜಿ ಜಾಗ ಮಾಡಿ, ಇಲ್ಲವೇ ತಗ್ಗಿರುವ ಪಿಸ್ಟನ್ ಹಾಕಿ.

ಹೊಸ ಹೆಡ್‌ನ ವಾಲ್ವ್ ದೊಡ್ಡದಿದ್ದರೆ ಪಿಸ್ಟನ್ನಿಗೆ ತಾಗಬಹುದು. ಹಾಗಾಗಿ ಪಿಸ್ಟನ್ ಮೇಲೆ ಜೇಡಿಮಣ್ಣು ಮೆತ್ತಿ, ಹಳೆ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಟೈಮಿಂಗ್ ಚೈನ್ ಜೋಡಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ. ಮಣ್ಣು 2 ಮಿ.ಮೀ.ಗಿಂತ ತೆಳುವಾಗಿ ಒತ್ತಿದ್ದರೆ ಸೆಲ್ಫ್ ಹೊಡೆಯಲು ಹೋಗಬೇಡಿ.