ತಮ್ಮಾ, ಶ್ವೇತಭವನ ಒಂದನ್ನೇ ನೋಡುತ್ತಾ ಕೂರಬೇಡ

ತಮ್ಮಾ,

ನಿನ್ನ ಪತ್ರ ಓದಿದೆ. ಅಮೆರಿಕದ ಟೆಕ್ಸಸ್‌ನಲ್ಲಿರುವ ಫ್ರಿಸ್ಕೊಗೆ ಬಂದು ಇನ್ನೂ ಪೆಟ್ಟಿಗೆ ಪೂರ್ತಿ ಬಿಚ್ಚಿಲ್ಲ, ಆಗಲೇ ಇಲ್ಲಿನ ರಾಜಕೀಯದ ಬಿಸಿ ತಟ್ಟಿದೆ ನಿನಗೆ. "ಅಕ್ಕಾ, ಬೆಳಿಗ್ಗೆ ಒಂದು ಆದೇಶ, ಸಂಜೆಗೆ ಅದಕ್ಕೆ ಕೋರ್ಟಿನ ತಡೆ. ನಾನು ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವನು, ಹೆಂಡತಿಗೆ ಈಗ ಐದು ತಿಂಗಳು. ಈ ದೇಶದಲ್ಲಿ ಯಾರ ಮಾತು ನಡೆಯುತ್ತದೆ? ಹೆದರಿಕೊಂಡೇ ಬದುಕಬೇಕಾ?" ಎಂದು ಕೇಳಿದ್ದೀಯ. ನಾನು ಇಲ್ಲಿನ ಹೈಸ್ಕೂಲಿನ ಹನ್ನೆರಡನೇ ತರಗತಿಯವರಿಗೆ ಇದನ್ನೇ ಪಾಠ ಮಾಡುವವಳು. ನಮ್ಮ ಕಾಲದಲ್ಲಿ ಪೌರನೀತಿ ಅಂತಿದ್ದರಲ್ಲ, ಅದು. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದು.

ಮೊದಲು ಎಚ್-1ಬಿ ವಿಷಯ. 2025ರ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಎಂಬ ಆದೇಶಕ್ಕೆ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಭಾನುವಾರ ಶುರುವಾಗುವ ಹೊತ್ತಿಗೇ ಜಾರಿ. ಊರಿಗೆ ಹೋಗಿದ್ದವರು ಹಬ್ಬ, ಮದುವೆ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದರು. ಶನಿವಾರ ಶ್ವೇತಭವನವೇ ಸ್ಪಷ್ಟನೆ ಕೊಟ್ಟಿತು: ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ, ಹೊಸ ಅರ್ಜಿಗೆ ಮಾತ್ರ, ಅದೂ ಒಂದೇ ಸಲ. ಪ್ರತಿ ವರ್ಷ ಕಟ್ಟಬೇಕು ಎಂದು ವಾಣಿಜ್ಯ ಮಂತ್ರಿ ಹೇಳಿದ್ದರು. ಆದೇಶದಲ್ಲಿ ಆ ಮಾತೇ ಇರಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಆ ಆದೇಶದ ಪ್ರತಿಯನ್ನೇ ಹಂಚಿದೆ. ಮಕ್ಕಳಿಗೆ ಕೇಳಿದ್ದು ಒಂದೇ: ಅಧ್ಯಕ್ಷರಿಗೆ ಈ ಅಧಿಕಾರ ಕೊಟ್ಟವರು ಯಾರು, ಹುಡುಕಿ. ಎರಡು ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ಸಿಕ್ಕಿತು. 1952ರ ವಲಸೆ ಕಾಯ್ದೆಯ ಒಂದು ಕಲಮು. ದೇಶಕ್ಕೆ ಹಾನಿ ಅನ್ನಿಸಿದರೆ ಹೊರಗಿನವರ ಪ್ರವೇಶವನ್ನು ಅಧ್ಯಕ್ಷರು ತಡೆಯಬಹುದು ಎಂದು ಅಲ್ಲಿದೆ. ಆ ಕಾಯ್ದೆ ಮಾಡಿದ್ದು ಇಲ್ಲಿನ ಪಾರ್ಲಿಮೆಂಟು, ಅಂದರೆ ಕಾಂಗ್ರೆಸ್.

ನನ್ನ ನಿಜವಾದ ಬೇಸರ ಇರುವುದೂ ಇಲ್ಲೇ. ಯಾರಿಗೆ ಓಟು ಹಾಕುತ್ತೇನೆ ಎಂದು ನಾನು ಕ್ಲಾಸಿನಲ್ಲಿ ಹೇಳುವುದಿಲ್ಲ. ಎರಡೂ ಪಕ್ಷದ ಮನೆಗಳಿಂದ ಮಕ್ಕಳು ಬರುತ್ತಾರೆ. ಆದರೆ ಕಾಂಗ್ರೆಸ್ ತನ್ನ ಕೆಲಸ ಮಾಡುತ್ತಿಲ್ಲ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಇಲ್ಲಿನ ಸಂವಿಧಾನ ಶುರುವಾಗುವುದೇ ಕಾಂಗ್ರೆಸ್ಸಿನಿಂದ. ಅಧ್ಯಕ್ಷರು ಬರುವುದು ಎರಡನೇ ವಿಧಿಯಲ್ಲಿ. ನಿನ್ನ ಎಚ್-1ಬಿಗೆ ವರ್ಷಕ್ಕೆ 65,000 ಎಂಬ ಮಿತಿ ಇಟ್ಟದ್ದು 1990ರ ಕಾನೂನು. ನಡುವೆ ಕೆಲವು ವರ್ಷ ಏರಿಸಿ ಮತ್ತೆ ಇಳಿಸಿದರು, ಇಲ್ಲಿ ಮಾಸ್ಟರ್ಸ್ ಓದಿದವರಿಗೆ 20,000 ಸೇರಿಸಿದರು, ಅಷ್ಟೇ. ಉದ್ಯೋಗದ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ನಮ್ಮವರ ಸಾಲು ದಶಕಗಟ್ಟಲೆ ಬೆಳೆದಿರುವುದು ಅದರಿಂದ. ಮೂವತ್ತೈದು ವರ್ಷದಿಂದ ಎರಡೂ ಪಕ್ಷಗಳು ಇದನ್ನು ಸರಿಮಾಡುತ್ತೇವೆ ಎನ್ನುತ್ತಲೇ ಇವೆ.

ಕಾಂಗ್ರೆಸ್ ಸುಮ್ನೆ ಕೂತಾಗ ಅಧ್ಯಕ್ಷರು ಪೆನ್ನು ಹಿಡಿಯುತ್ತಾರೆ. ಚಿಕ್ಕಂದಿನಲ್ಲಿ ದಾಖಲೆ ಇಲ್ಲದೆ ಬಂದವರಿಗೆ ಒಬಾಮಾ 2012ರಲ್ಲಿ ರಕ್ಷಣೆ ಕೊಟ್ಟಿದ್ದು ಕಾನೂನಿನಿಂದ ಅಲ್ಲ, ಆಡಳಿತದ ಆದೇಶದಿಂದ. ಬೈಡನ್ ವಿದ್ಯಾರ್ಥಿ ಸಾಲ ಮನ್ನಾ ಮಾಡಲು ಹೋದರು, 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಟ್ರಂಪ್ ಈಗ ಅದೇ ದಾರಿಯಲ್ಲಿ ಹಿಂದಿನವರೆಲ್ಲರಿಗಿಂತ ಬಹಳ ದೂರ ಹೋಗಿದ್ದಾರೆ. ಪೆನ್ನಿನಿಂದ ಬಂದದ್ದು ಮುಂದಿನವರ ಪೆನ್ನಿನಿಂದ ಹೋಗುತ್ತದೆ. ನಿನ್ನಂಥವರು ಮನೆ ಕೊಳ್ಳಬೇಕೋ ಬೇಡವೋ ಎಂದು ಒದ್ದಾಡುವುದು ಇದಕ್ಕೇ.

ಕಾಂಗ್ರೆಸ್ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನೋದಕ್ಕೂ ನಮ್ಮವರದೇ ಉದಾಹರಣೆ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಪೌರತ್ವ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವರು ಇದೇ ದೇಶದ ಸೈನ್ಯದಲ್ಲಿ ಇದ್ದವರು. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂಬುದು ತೀರ್ಪು. ಅದನ್ನು ತೆಗೆದುಹಾಕಿದ್ದು 1946ರಲ್ಲಿ ಕಾಂಗ್ರೆಸ್ ಮಾಡಿದ ಕಾನೂನು. 1920ರಲ್ಲಿ ಬಂದಿದ್ದ ದಲೀಪ್ ಸಿಂಗ್ ಸೌಂದ್ ಆ ಕಾನೂನಿನಿಂದ 1949ರಲ್ಲಿ ಪೌರರಾದರು, 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಗೆದ್ದು ಅದೇ ಕಾಂಗ್ರೆಸ್ಸಿನಲ್ಲಿ ಕೂತರು. ಆಮೇಲೆ 1965ರ ವಲಸೆ ಕಾಯ್ದೆ ಬಂತು. ಈ ದೇಶದಲ್ಲಿ ಇಷ್ಟು ಕನ್ನಡ ಸಂಘಗಳಿರುವುದು ಆ ಕಾಯ್ದೆ ತೆಗೆದ ಬಾಗಿಲಿನಿಂದ. ಮಿಷಿಗನ್‌ನಿಂದ ಕಾಂಗ್ರೆಸ್ಸಿಗೆ ಗೆದ್ದ ಶ್ರೀ ಥಾಣೇದಾರ್ ನಮ್ಮ ಬೆಳಗಾವಿಯಲ್ಲಿ ಬೆಳೆದವರು, ಗೊತ್ತಿತ್ತಾ?

ಇನ್ನು ಮಗುವಿನ ವಿಷಯ. ನಿನ್ನ ಹೆಂಡತಿಗೂ ಇದನ್ನು ಓದಿ ಹೇಳು. 2025ರ ಜನವರಿ 20ರ ಆದೇಶದ ಪ್ರಕಾರ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಎಂದಾದರೆ, ಇಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಇಲ್ಲ. ಮೂರೇ ದಿನದಲ್ಲಿ ಸಿಯಾಟಲ್‌ನ ಜಡ್ಜ್ ಜಾನ್ ಕೋಗೆನಾರ್ ಅದನ್ನು ತಡೆದರು. ಅವರನ್ನು ನೇಮಿಸಿದ್ದು ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಹಿಂದಿನ ಅಧ್ಯಕ್ಷ ರೇಗನ್, ಗಮನಿಸು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಜಡ್ಜುಗಳು ಹೀಗೆ ಇಡೀ ದೇಶಕ್ಕೆ ತಡೆ ಕೊಡುವುದಕ್ಕೆ ಲಗಾಮು ಹಾಕಿತು. ವಕೀಲರು ಆ ಮಕ್ಕಳೆಲ್ಲರ ಪರವಾಗಿ ಒಟ್ಟಿಗೆ ಕೇಸು ಹಾಕಿ ಬೇರೆ ದಾರಿಯಿಂದ ಮತ್ತೆ ತಡೆ ತಂದರು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ನಾನು ಇದನ್ನು ಬರೆಯುತ್ತಿರುವ 2026ರ ಜನವರಿಯಲ್ಲಿ ಆ ಆದೇಶ ಜಾರಿಯಲ್ಲಿ ಇಲ್ಲ.

ಸರ್ಕಾರದ ವಾದಕ್ಕೆ ಎದುರಾಗಿರುವುದು 1898ರ ಒಂದು ತೀರ್ಪು. ವಾಂಗ್ ಕಿಮ್ ಆರ್ಕ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವನು, ಅಪ್ಪ ಅಮ್ಮ ಚೀನಾದವರು. ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ, ನೀನು ಪೌರನಲ್ಲ ಎಂದು ಬಂದರಿನಲ್ಲೇ ತಡೆದರು. ಅವನು ಅಡುಗೆ ಕೆಲಸದವನು. ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ. ಇಲ್ಲಿ ಹುಟ್ಟಿದವನು ಇಲ್ಲಿನವನೇ ಎಂದು 1868ರ ಹದಿನಾಲ್ಕನೇ ತಿದ್ದುಪಡಿ ಹೇಳಿದ್ದನ್ನು ಕೋರ್ಟ್ ಎತ್ತಿಹಿಡಿಯಿತು. ಆ ತೀರ್ಪು ಗಟ್ಟಿಯಾಗಿದೆ ಎಂಬುದು ನನ್ನ ನಂಬಿಕೆ. ಮಗು ಹುಟ್ಟಿದ ಕೂಡಲೇ ಬರ್ತ್ ಸರ್ಟಿಫಿಕೇಟ್ ತೆಗೆದುಕೊಂಡು ಪಾಸ್‌ಪೋರ್ಟಿಗೆ ಅರ್ಜಿ ಹಾಕಿಬಿಡು, ಮುಂದೂಡಬೇಡ.

ಸರ್ಕಾರವೇ ಬಾಗಿಲು ಹಾಕುತ್ತದಂತಲ್ಲ, ಅದೇನು ಎಂದೂ ಕೇಳಿದ್ದೆ. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಇಲ್ಲಿ ಅಧ್ಯಕ್ಷರೂ ಬೀಳುವುದಿಲ್ಲ, ಕಾಂಗ್ರೆಸ್ಸೂ ಬೀಳುವುದಿಲ್ಲ, ಸಂಬಳ ನಿಲ್ಲುತ್ತದೆ. ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಓಟಿಗೆ ಹಾಕಲು 60 ಜನ ಒಪ್ಪಬೇಕು, ಆಳುವ ಪಕ್ಷಕ್ಕೆ ಇದ್ದವರು 53. 2025ರ ಅಕ್ಟೋಬರ್ 1ರಿಂದ 43 ದಿನ ಹಾಗೇ ಹೋಯಿತು, ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ಉದ್ದದ್ದು. ವಿಮಾನಗಳಿಗೆ ದಾರಿ ತೋರಿಸುವವರು ಸಂಬಳವಿಲ್ಲದೆ ದುಡಿದರು. ಎಚ್-1ಬಿಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ ಹೆಚ್ಚುಕಡಿಮೆ ಅಕ್ಟೋಬರ್ ಪೂರ್ತಿ ನಿಂತಿತ್ತು. ನಿನ್ನ ಕಂಪನಿ ಬದಲಾಯಿಸುವ ಯೋಚನೆ ಇದ್ದರೆ ಈ ಲೆಕ್ಕವೂ ತಲೆಯಲ್ಲಿರಲಿ.

ಇಷ್ಟೆಲ್ಲ ವಾಷಿಂಗ್ಟನ್, ಅಂದರೆ ನಮ್ಮ ದಿಲ್ಲಿಯ ಮಟ್ಟದ ಮಾತಾಯಿತು. ಆದರೆ ನಿನ್ನ ದಿನನಿತ್ಯದ ಬದುಕು ನಡೆಯುವುದು ಟೆಕ್ಸಸ್ ರಾಜಧಾನಿ ಆಸ್ಟಿನ್‌ನಿಂದ, ನಮ್ಮ ಜಿಲ್ಲೆಯಂಥ ಕೌಂಟಿಯಿಂದ, ಶಾಲಾ ಬೋರ್ಡಿನಿಂದ. ಟೆಕ್ಸಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ 140 ದಿನ ಸೇರುತ್ತದೆ, ಅಷ್ಟೇ. ಹೆಚ್ಚಿಗೆ ಬೇಕಿದ್ದರೆ ಗವರ್ನರ್ ವಿಶೇಷ ಅಧಿವೇಶನ ಕರೆಯಬೇಕು. 2025ರ ಬೇಸಿಗೆಯಲ್ಲಿ ಹಾಗೆ ಕರೆದದ್ದರಲ್ಲಿ ಕಾಂಗ್ರೆಸ್ ಕ್ಷೇತ್ರಗಳ ಗಡಿ ಬದಲಾಯಿಸುವ ಕೆಲಸವೂ ಇತ್ತು. ಜನಗಣತಿ ಆದ ಮೇಲೆ ಹತ್ತು ವರ್ಷಕ್ಕೊಮ್ಮೆ ಆಗಬೇಕಾದ ಕೆಲಸ ಅದು. 38 ಸೀಟುಗಳಲ್ಲಿ ರಿಪಬ್ಲಿಕನ್ನರಿಗೆ ಇನ್ನೂ ಐದು ಸಿಗಲಿ ಎಂಬುದು ಉದ್ದೇಶ, ಅದನ್ನವರು ಮುಚ್ಚಿಡಲೂ ಇಲ್ಲ. ಸಭೆ ನಡೆಯಲು 150ರಲ್ಲಿ 100 ಜನ ಇರಬೇಕು. ಐವತ್ತಕ್ಕೂ ಹೆಚ್ಚು ಡೆಮಾಕ್ರಟ್ ಶಾಸಕರು ರಾಜ್ಯ ಬಿಟ್ಟು ಇಲಿನಾಯ್ ಮೊದಲಾದ ಕಡೆ ಹೋಗಿ ಕೂತರು. ನಮ್ಮವರು ರೆಸಾರ್ಟಿಗೆ ಹೋಗಿದ್ದು ಸರ್ಕಾರ ಬೀಳಿಸಲು, ಉಳಿಸಲು. ಇವರು ಹೋಗಿದ್ದು ಸಭೆಯೇ ನಡೆಯದಿರಲಿ ಎಂದು. ಎರಡು ವಾರದ ಮೇಲೆ ವಾಪಸ್ ಬಂದರು, ನಕ್ಷೆ ಪಾಸಾಯಿತು. ಕ್ಯಾಲಿಫೋರ್ನಿಯಾದವರು ನವೆಂಬರಿನಲ್ಲಿ ಜನರ ಓಟು ಕೇಳಿ ಡೆಮಾಕ್ರಟ್ಟರಿಗೆ ಐದು ಸೀಟು ಹೆಚ್ಚಾಗುವಂಥ ನಕ್ಷೆ ತಂದರು.

ಇದನ್ನು ಮಕ್ಕಳಿಗೆ ತೋರಿಸಲು 25 ಚೌಕದ ಒಂದು ಹಾಳೆ ಕೊಡುತ್ತೇನೆ. 15 ಹಸಿರು, 10 ಹಳದಿ. ಐದೈದು ಚೌಕದ ಐದು ಕ್ಷೇತ್ರ ಮಾಡಿ, ಹಳದಿ ಗೆಲ್ಲಬೇಕು ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಯಾರಾದರೂ ಮೂರು ಕ್ಷೇತ್ರದಲ್ಲಿ ಮೂರು ಮೂರು ಹಳದಿ ಸೇರಿಸಿ ಗೆರೆ ಎಳೆಯುತ್ತಾರೆ. ಜಾಸ್ತಿ ಇದ್ದ ಹಸಿರು ಎರಡಕ್ಕೆ ಇಳಿಯುತ್ತದೆ. ಕ್ಲಾಸು ಒಂದು ಕ್ಷಣ ತಣ್ಣಗಾಗುತ್ತದೆ. ಯಾವ ಪಕ್ಷದ ಮನೆಯ ಮಗುವಿಗೂ ಅದು ಸರಿ ಅನ್ನಿಸಿದ್ದು ನಾನು ನೋಡಿಲ್ಲ. ದೊಡ್ಡವರಿಗೆ ಯಾಕೆ ಸರಿ ಅನ್ನಿಸುತ್ತದೋ!

ನಿನಗೆ ಓಟಿಲ್ಲ ನಿಜ, ಆದರೆ ಜನಗಣತಿಯಲ್ಲಿ ನೀನೂ ಒಂದು ತಲೆ. ನಿನ್ನ ಕ್ಷೇತ್ರದ ಪ್ರತಿನಿಧಿ ನಿನಗೂ ಪ್ರತಿನಿಧಿಯೇ. ಅವರ ಸ್ಥಳೀಯ ಕಚೇರಿಯಲ್ಲಿ ವಲಸೆ ಕಡತಗಳನ್ನು ವಿಚಾರಿಸಲೆಂದೇ ಸಿಬ್ಬಂದಿ ಇರುತ್ತಾರೆ. ನಿನ್ನ ಅರ್ಜಿ ಎಲ್ಲೋ ಸಿಕ್ಕಿಕೊಂಡಿದೆ ಅಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅವರ ಕೈಗೆ ಕೊಡು, ದುಡ್ಡು ಕೇಳುವುದಿಲ್ಲ. ಶಾಲಾ ಬೋರ್ಡಿನ ಸಭೆಗೂ ಹೋಗು. ಹೆಸರು ಬರೆಸಿದರೆ ಸಾಮಾನ್ಯವಾಗಿ ಮೂರು ನಿಮಿಷ ಮಾತಾಡಬಹುದು, ಪೌರನೇ ಆಗಬೇಕಿಲ್ಲ. ಅನುವಾದಕರನ್ನು ಇಟ್ಟುಕೊಂಡು ಮಾತಾಡುವವರಿಗೆ ಎರಡರಷ್ಟು ಸಮಯ ಕೊಡಬೇಕು ಎಂದು ಟೆಕ್ಸಸ್ ಕಾನೂನೇ ಹೇಳುತ್ತದೆ. ನಿಮ್ಮಮ್ಮ ಬಾಣಂತನಕ್ಕೆ ಬಂದಾಗ ಶಾಲೆಯ ಮುಂದಿನ ರಸ್ತೆ ದಾಟುವುದು ಕಷ್ಟ ಅನ್ನಿಸಿದರೆ ಅವರೇ ಕನ್ನಡದಲ್ಲಿ ಹೇಳಬಹುದು, ನಾನು ಇಂಗ್ಲಿಷ್ ಮಾಡುತ್ತೇನೆ.

ಮಾಡಬಾರದ್ದು ಮೂರಿದೆ. ಚುನಾವಣೆಗೆ ಚಂದಾ ಕೊಡಬೇಡ. ಎಚ್-1ಬಿಯವರು ಯಾವ ಅಭ್ಯರ್ಥಿಗೂ, ನಗರಸಭೆಗೆ ನಿಂತವರಿಗೂ, ಒಂದು ಡಾಲರ್ ಕೂಡ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಜ್ಯೂರಿಗೆ ಬಾ ಎಂದು ಕೋರ್ಟಿನ ಕಾಗದ ಬಂದರೆ ಬಿಸಾಡಬೇಡ. ಪೌರನಲ್ಲ ಎಂದು ಗುರುತು ಹಾಕಿ ವಾಪಸ್ ಕಳಿಸು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಡ್ರೈವಿಂಗ್ ಲೈಸೆನ್ಸಿಗೆ ಡಿಪಿಎಸ್ ಕಚೇರಿಗೆ ಹೋದಾಗ ಪೌರನೇ, ಓಟರ್ ಪಟ್ಟಿಗೆ ಸೇರಿಸಬೇಕೇ ಎಂದು ಫಾರಂನಲ್ಲಿ ಕೇಳಿರುತ್ತದೆ. ಎರಡಕ್ಕೂ "ಇಲ್ಲ" ಅಂತಲೇ ಹಾಕು. ಗಡಿಬಿಡಿಯಲ್ಲಿ "ಹೌದು" ಎಂದು ಟಿಕ್ ಹಾಕಿದರೆ ಪೌರನೆಂದು ಸುಳ್ಳು ಹೇಳಿದ ಹಾಗೆ. ಗ್ರೀನ್ ಕಾರ್ಡಿಗೇ ಕುತ್ತು ಬರುತ್ತದೆ, ದೇಶ ಬಿಡಿಸಲೂಬಹುದು. ಟೆಕ್ಸಸ್‌ಗೆ ಬಂದ 90 ದಿನದೊಳಗೆ ಲೈಸೆನ್ಸ್ ಆಗಬೇಕು, ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ. ಇವತ್ತೇ ಬುಕ್ ಮಾಡು, ಹೋಗುವ ಮುಂಚೆ ತುಂಬಿದ ಫಾರಂ ನನಗೊಮ್ಮೆ ತೋರಿಸು.