ಸೋಲುತ್ತಿರುವ ಹಾಕಿ ತಂಡಕ್ಕೆ ಹೊಸ ಮುಖ್ಯ ಕೋಚ್: ವಿದೇಶಿಯೋ, ಹಳೆಯ ಆಟಗಾರರೋ, ಈಗಿರುವ ಸಹಾಯಕರೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ನೀವು ಚಿತ್ರದುರ್ಗದವರು, ವೃತ್ತಿಪರ ಲೀಗಿನಲ್ಲಿ ಆಡುವ ಹಾಕಿ ತಂಡವೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದೀರಿ. ಕಳೆದ ಎಂಟು ಪಂದ್ಯಗಳಲ್ಲಿ ಆರನ್ನು ಸೋತ ಮೇಲೆ ಮಾಲೀಕರು ಮುಖ್ಯ ಕೋಚನ್ನು ಬದಲಿಸಲು ಹೊರಟಿದ್ದಾರೆ. ಹೆಸರುವಾಸಿ ವಿದೇಶಿ ಕೋಚ್ ಒಬ್ಬರು, ಭಾರತ ತಂಡದ ಹಳೆಯ ಆಟಗಾರರೊಬ್ಬರು, ಈಗಿರುವ ಸಹಾಯಕ ಕೋಚ್ – ಈ ಮೂವರಲ್ಲಿ ಯಾರಾಗಬಹುದೆಂದು ಒಂದು ಟಿಪ್ಪಣಿ ಸಿದ್ಧಪಡಿಸುವ ಹೊಣೆ ನಿಮ್ಮ ಮೇಲೆ ಬಿದ್ದಿದೆ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದವನು. ಟರ್ಫ್ ನೋಡುವ ಮೊದಲೇ ಮಣ್ಣಿನ ಮೈದಾನದಲ್ಲಿ ಲೆಫ್ಟ್ ಹಾಫ್ ಆಡಿ ಮಂಡಿ ಸವೆಸಿಕೊಂಡವನು. ಕೋಟಿಗಳ ಲೀಗನ್ನು ಒಳಗಿನಿಂದ ಕಂಡವನಲ್ಲ. ಆದರೆ ಕೋಚ್‌ಗಳನ್ನು ನೇಮಿಸುವ ಮತ್ತು ಕಳುಹಿಸುವ ಸಮಿತಿಯೊಂದರಲ್ಲಿ ಮೂರು ವರ್ಷ ಕುಳಿತಿದ್ದೇನೆ, ಅಲ್ಲಿ ನಾವು ಮಾಡಿದ ತಪ್ಪನ್ನೇ ದೊಡ್ಡ ತಂಡಗಳೂ ದೊಡ್ಡ ಮೊತ್ತ ತೆತ್ತು ಮಾಡುವುದನ್ನು ಅಂದಿನಿಂದ ಗಮನಿಸುತ್ತ ಬಂದಿದ್ದೇನೆ. ಹಾಗಾಗಿ ಮೂವರಲ್ಲಿ ಯಾರು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕಿಂತ ಮೊದಲು ಆ ಹುದ್ದೆಗೆ ನಿಜವಾಗಿ ಎಷ್ಟು ಅಧಿಕಾರವಿದೆ ಎಂಬುದು ನಿಮ್ಮ ಟಿಪ್ಪಣಿಯ ಮೊದಲ ಪುಟದಲ್ಲಿರಬೇಕು.

ನಮ್ಮ ಸಮಿತಿಯ ಕಥೆ ಚಿಕ್ಕದು. ಆಟಗಾರರಿಗೆ ಅಷ್ಟಿಷ್ಟು ಸಂಭಾವನೆ ಕೊಡುತ್ತಿದ್ದ ಕ್ಲಬ್ಬು ಅದು, ಹೆಸರು ಬೇಡ. ಎರಡು ವರ್ಷಗಳಲ್ಲಿ ಮೂವರು ಕೋಚ್‌ಗಳನ್ನು ಬದಲಿಸಿದೆವು. ಮೂವರೂ ಕೆಲಸ ಬಲ್ಲವರೇ. ಆದರೆ ಪಂದ್ಯದ ಹಿಂದಿನ ರಾತ್ರಿ ಕಾರ್ಯದರ್ಶಿಗಳ ಅಂಗಡಿಯಿಂದ ಹನ್ನೊಂದು ಹೆಸರುಗಳ ಚೀಟಿ ಬರುತ್ತಿತ್ತು, ಆ ಚೀಟಿಯಲ್ಲಿ ಅವರ ಬಂಧುವೊಬ್ಬ ಸೆಂಟರ್ ಫಾರ್ವರ್ಡ್ ಆಗಿ ಇದ್ದೇ ಇರುತ್ತಿದ್ದ. ಸೋತ ಮೇಲೆ ಸಭೆ ಕರೆದು ಕೋಚ್‌ಗೆ ಶಿಸ್ತಿಲ್ಲ ಎಂದು ನಿರ್ಣಯ ಬರೆಯುತ್ತಿದ್ದೆವು; ಆ ನಿರ್ಣಯಗಳಿಗೆ ನನ್ನ ಸಹಿಯೂ ಇದೆ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಪೈಲ್ವಾನರನ್ನು ಸಿದ್ಧಮಾಡುವ ನಮ್ಮೂರ ಗರಡಿಮನೆಗಳಲ್ಲಿ ಇಂಥ ಗೊಂದಲ ಹುಟ್ಟುವುದಿಲ್ಲ. ಯಾರನ್ನು ಅಖಾಡಕ್ಕೆ ಇಳಿಸಬೇಕು, ಯಾರು ಇನ್ನೊಂದು ವರ್ಷ ಸಾಮು ಮಾಡಬೇಕು ಎಂಬುದು ಉಸ್ತಾದರ ಮಾತು, ಗೆದ್ದರೂ ಬಿದ್ದರೂ ಲೆಕ್ಕ ಅವರದೇ.

ಭಾರತ ಪುರುಷರ ತಂಡದ ಹದಿನೈದಿಪ್ಪತ್ತು ವರ್ಷಗಳ ಚರಿತ್ರೆ ಇದೇ ಪಾಠದ ದೊಡ್ಡ ಆವೃತ್ತಿ. 2008ರ ಮಾರ್ಚಿನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ವಿರುದ್ಧ 0-2ರಿಂದ ಸೋತು, 1928ರಿಂದ ಒಮ್ಮೆಯೂ ತಪ್ಪಿಸದಿದ್ದ ಒಲಿಂಪಿಕ್ಸ್‌ಗೆ ನಾವು ಅರ್ಹತೆಯನ್ನೇ ಪಡೆಯಲಿಲ್ಲ; ಕೋಚ್ ಜೋಕಿಮ್ ಕರ್ವಾಲೊ ರಾಜೀನಾಮೆ ಕೊಟ್ಟರು. ಅದೇ ಹೊತ್ತಿಗೆ ತಾಂತ್ರಿಕ ಸಲಹೆಗಾರರಾಗಿ ಬಂದಿದ್ದ ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಕೆಲವೇ ತಿಂಗಳಲ್ಲಿ ಬೇಸತ್ತು ಹೊರಟುಹೋದರು. 1996 ಮತ್ತು 2000ರಲ್ಲಿ ತಮ್ಮ ದೇಶದ ಮಹಿಳೆಯರಿಗೆ ಒಲಿಂಪಿಕ್ಸ್ ಚಿನ್ನ ತಂದುಕೊಟ್ಟಿದ್ದ, ಇಲ್ಲಿಂದ ಹೋದ ಮೇಲೆ 2010 ಮತ್ತು 2014ರಲ್ಲಿ ಪುರುಷರಿಗೆ ವಿಶ್ವಕಪ್ ಗೆಲ್ಲಿಸಿಕೊಟ್ಟ ಅದೇ ಮನುಷ್ಯ ನಮ್ಮಲ್ಲಿ ಏನೂ ಮಾಡಲಾಗಲಿಲ್ಲವೆಂದರೆ ಕೊರತೆ ಅವರ ವಿದ್ಯೆಯಲ್ಲಿತ್ತು ಎನ್ನಲಾದೀತೇ? ಮೈಕೆಲ್ ನಾಬ್ಸ್ ಕೋಚ್ ಆಗಿದ್ದ ಕಾಲದಲ್ಲಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯವರಾದೆವು. ಅವರ ನಂತರ ಬಂದ ಟೆರಿ ವಾಲ್ಶ್ 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಹದಿನಾರು ವರ್ಷಗಳ ಬಳಿಕ ಚಿನ್ನ ಗೆಲ್ಲಿಸಿ, ಆಡಳಿತದ ಕಗ್ಗಂಟಿಗೆ ರೋಸಿ ಕೆಲವೇ ವಾರಗಳಲ್ಲಿ ಬಿಟ್ಟುಹೋದರು. 2015ರಲ್ಲಿ ಬಂದ ಪೌಲ್ ವಾನ್ ಆಸ್ ಅದೇ ವರ್ಷ ಮನೆಗೆ ಮರಳಿದರು. ಗೆದ್ದವರೂ ನಿಲ್ಲದ, ಸೋತವರೂ ನಿಲ್ಲದ ಆ ಕುರ್ಚಿಯನ್ನು ನೋಡಿ ನಾನು ಆಗ ಗೆಳೆಯರಿಗೆ, ಇದು ಬಸ್ ನಿಲ್ದಾಣದ ಬೆಂಚು, ಎನ್ನುತ್ತಿದ್ದೆ.

2019ರ ಏಪ್ರಿಲಿನಲ್ಲಿ ಬಂದ ಗ್ರಹಾಂ ರೀಡ್ ಅವರಿಗೆ ದೊರೆತದ್ದು ಕಾಲಾವಕಾಶ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಎರಡನೇ ಪಂದ್ಯದಲ್ಲೇ ಆಸ್ಟ್ರೇಲಿಯಾದಿಂದ 1-7ರ ಪೆಟ್ಟು ತಿಂದಾಗ ಹಳೆಯ ಪದ್ಧತಿಯಂತಿದ್ದರೆ ದೆಹಲಿಯಲ್ಲಿ ಅಂದೇ ಸಭೆ ಸೇರುತ್ತಿತ್ತು. ಅದೇ ಕೋಚ್, ಅದೇ ಆಟಗಾರರು, ಹನ್ನೊಂದು ದಿನಗಳ ನಂತರ ಜರ್ಮನಿಯ ವಿರುದ್ಧ 1-3ರ ಹಿನ್ನಡೆಯಿಂದ ಎದ್ದು 5-4ರಿಂದ ಗೆದ್ದು 41 ವರ್ಷಗಳ ಬಳಿಕ ಒಲಿಂಪಿಕ್ಸ್ ಪದಕ ತಂದರು. 2023ರ ವಿಶ್ವಕಪ್ಪಿನಲ್ಲಿ ತಂಡ ಕ್ವಾರ್ಟರ್ ಫೈನಲ್ ತಲುಪದಿದ್ದಾಗ ರೀಡ್ ತಾವೇ ಕೆಳಗಿಳಿದರು. ಆಗ ಆರಿಸಿದ್ದು ಕ್ರೇಗ್ ಫುಲ್ಟನ್ ಅವರನ್ನು, ಮತ್ತು ಆ ಆಯ್ಕೆಯನ್ನು ನೀವು ಸ್ವಲ್ಪ ಆಳವಾಗಿ ನೋಡಬೇಕೆಂದು ನನ್ನ ಸಲಹೆ. ಅವರು ಅತಿ ದೊಡ್ಡ ಹೆಸರಾಗಿರಲಿಲ್ಲ. ಐರ್ಲೆಂಡಿನಂಥ ಸಣ್ಣ ತಂಡವನ್ನು 2016ರ ಒಲಿಂಪಿಕ್ಸ್‌ಗೆ ಒಯ್ದವರು, ಟೋಕಿಯೊದಲ್ಲಿ ಚಿನ್ನ ಗೆದ್ದ ಬೆಲ್ಜಿಯಂಗೆ ಸಹಾಯಕರಾಗಿದ್ದವರು. ಅಂದರೆ ಸಾಧನಗಳಿಲ್ಲದ ತಂಡವನ್ನು ನಡೆಸುವುದೂ ಅತ್ಯುತ್ತಮ ತಂಡದೊಳಗಿನ ದಿನಚರಿಯೂ ಎರಡೂ ಗೊತ್ತಿದ್ದವರು. ಮೊದಲು ರಕ್ಷಣೆ ಎಂಬುದು ಅವರ ನಿಲುವು; ಧಾರಾಳವಾಗಿ ಗೋಲು ಬಿಟ್ಟುಕೊಡುತ್ತಿದ್ದ ನಮ್ಮ ತಂಡಕ್ಕೆ ಅದೇ ಬೇಕಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಹತ್ತೇ ಜನ ನಲವತ್ತು ನಿಮಿಷಕ್ಕೂ ಹೆಚ್ಚು ಕಾಲ ಬ್ರಿಟನ್ನನ್ನು ತಡೆದು ನಿಲ್ಲಿಸಿ ಶೂಟೌಟ್‌ನಲ್ಲಿ ಗೆದ್ದರಲ್ಲ, ಆ ನಲವತ್ತು ನಿಮಿಷ ಒಂದು ದಿನದ ಹುರುಪಿನಿಂದ ಬರುವಂಥದ್ದಲ್ಲ.

ಈಗ ನಿಮ್ಮ ಮಾಲೀಕರು ಖಂಡಿತ ಎತ್ತುವ ಮಾತಿಗೆ ಬರುತ್ತೇನೆ: ಹೊಸ ಕೋಚ್ ಬಂದ ಕೂಡಲೇ ಗೆದ್ದ ತಂಡಗಳಿವೆಯಲ್ಲ? ಇವೆ. ಕೋಚನ್ನು ತೆಗೆಯುವುದು ತಂಡ ತೀರ ತಳ ಮುಟ್ಟಿದಾಗ. ತಳದಿಂದ ಮುಂದಿನ ದಾರಿ ಸಾಮಾನ್ಯವಾಗಿ ಮೇಲಕ್ಕೇ ಇರುತ್ತದೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ನಾಲ್ಕು ದಿನಕ್ಕೆ ಒಳಗೂ ಹೋಗುತ್ತದೆ, ಆ ಕೀರ್ತಿ ಹೊಸಬರ ಖಾತೆಗೆ ಜಮೆಯಾಗುತ್ತದೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಎಲ್ಲರೂ ಉದಾಹರಿಸುವ ಸೇಂಟ್ ಲೂಯಿಸ್ ತಂಡವನ್ನೇ ನೋಡಿ. 2018ರ ನವೆಂಬರಿನಲ್ಲಿ ಮೈಕ್ ಯೋ ಅವರನ್ನು ತೆಗೆದು ಸಹಾಯಕರಾಗಿದ್ದ ಕ್ರೇಗ್ ಬೆರುಬೆ ಅವರಿಗೆ ತಾತ್ಕಾಲಿಕ ಹೊಣೆ ಕೊಟ್ಟರು, 2019ರ ಜೂನ್‌ನಲ್ಲಿ ಆ ತಂಡ ಆ ಲೀಗಿನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಎತ್ತಿತು. ಕಥೆ ಹೇಳುವವರು ನಡುವಿನ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ: ಹೊಸ ಕೋಚ್ ಬಂದು ಆರು ವಾರ ಕಳೆದು ಜನವರಿ 3ರಂದೂ ತಂಡ 31 ತಂಡಗಳ ಲೀಗಿನಲ್ಲಿ ಕಟ್ಟಕಡೆಯಲ್ಲಿತ್ತು. ಅದಾದ ಕೆಲವೇ ದಿನಕ್ಕೆ ಜೋರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲ್‌ಕೀಪರ್‌ಗೆ ಅವಕಾಶ ಸಿಕ್ಕಿತು. ಗೆಲುವಿನಲ್ಲಿ ಕೋಚ್ ಪಾಲೆಷ್ಟು, ಗೋಲ್‌ಕೀಪರ್ ಪಾಲೆಷ್ಟು ಎಂದು ಬಿಡಿಸಿ ಹೇಳಬಲ್ಲವರು ಯಾರು? ಬೆರುಬೆಯವರಿಗೆ ಆ ಆರು ವಾರಗಳ ನಂತರವೂ ಬಾಗಿಲು ತೋರಿಸಲಿಲ್ಲ ಎಂಬುದಂತೂ ನಿಜ, 2023ರ ಡಿಸೆಂಬರಿನಲ್ಲಿ ತೋರಿಸಿದರು ಎಂಬುದೂ ನಿಜ.

ಆದ್ದರಿಂದ ಸೋತ ಆರು ಪಂದ್ಯಗಳನ್ನು ಗೋಲಿನ ಲೆಕ್ಕದಿಂದಲ್ಲ, ಬೇರೆ ಲೆಕ್ಕದಿಂದ ಓದಿ. ಎದುರಾಳಿಯ ಸರ್ಕಲ್, ಅಂದರೆ ಗೋಲಿನ ಮುಂದಿನ ಅರೆವೃತ್ತದ ಒಳಗೆ ಎಷ್ಟು ಸಲ ಹೋದಿರಿ, ಅಲ್ಲಿ ಎದುರಾಳಿ ಮಾಡಿದ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್ ಎಷ್ಟು ಗಳಿಸಿದಿರಿ, ಅವುಗಳಲ್ಲಿ ಎಷ್ಟು ಗೋಲಾದವು. ಸರ್ಕಲ್‌ಗೆ ಹೋಗುವುದು ಸರಿಯಾಗಿದ್ದು ಕಾರ್ನರ್‌ಗಳು ಮಾತ್ರ ವ್ಯರ್ಥವಾಗುತ್ತಿದ್ದರೆ ನಿಮಗೆ ಬೇಕಿರುವುದು ಮುಖ್ಯ ಕೋಚ್ ಅಲ್ಲ, ಚೆಂಡನ್ನು ತಳ್ಳಿಕೊಡುವವನನ್ನೂ ನಿಲ್ಲಿಸುವವನನ್ನೂ ಅದನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ, ಅಂದರೆ ಡ್ರ್ಯಾಗ್ ಫ್ಲಿಕ್ ಮಾಡುವವನನ್ನೂ ಒಟ್ಟಿಗೆ ಕೂರಿಸಿ ತಿದ್ದುವ ಒಬ್ಬ ತಜ್ಞ. ಬಿಟ್ಟುಕೊಟ್ಟ ಗೋಲುಗಳು ಕೊನೆಯ ಹದಿನೈದು ನಿಮಿಷದಲ್ಲೇ ಗುಂಪಾಗಿ ಬಂದಿದ್ದರೆ ತಪ್ಪು ದೇಹದಾರ್ಢ್ಯದ್ದಿರಬಹುದು, ಅಥವಾ ಬದಲಿ ಆಟಗಾರರನ್ನು ಎಷ್ಟು ನಿಮಿಷಕ್ಕೊಮ್ಮೆ ಒಳಗೆ ಹೊರಗೆ ಮಾಡುತ್ತಿದ್ದೀರಿ ಎಂಬ ಲೆಕ್ಕದ್ದಿರಬಹುದು. ಹಸಿರು, ಹಳದಿ ಕಾರ್ಡುಗಳಿಂದ ಎಷ್ಟು ನಿಮಿಷ ಹತ್ತೇ ಜನ ಆಡಿದಿರಿ ಎಂಬುದನ್ನೂ ಕೂಡಿಸಿ ನೋಡಿ, ಮೊತ್ತ ಕಂಡು ಮಾಲೀಕರೇ ಬೆಚ್ಚಬಹುದು. ಇವೆಲ್ಲ ಸರಿಯಿದ್ದೂ ಸರ್ಕಲ್‌ಗೇ ಹೋಗಲಾಗದೆ, ನಡುಮೈದಾನದಲ್ಲಿ ಚೆಂಡು ಕಳೆದುಕೊಂಡು, ಯಾರು ಎಲ್ಲಿ ನಿಲ್ಲಬೇಕೆಂದು ಆಟಗಾರರೇ ಪರಸ್ಪರ ಕೂಗಾಡುತ್ತಿದ್ದರೆ, ಆಗ ದೋಷ ಮುಖ್ಯ ಕೋಚ್ ಕಡೆಯದು, ಬದಲಾವಣೆ ನ್ಯಾಯ.

ಸಂದರ್ಶನದ ಬಗ್ಗೆ ಒಂದೇ ವಿಧಾನ ಹೇಳುತ್ತೇನೆ, ಏಕೆಂದರೆ ನಾವು ಕೇಳುತ್ತಿದ್ದ ನಿಮ್ಮ ತತ್ವವೇನು ಎಂಬಂಥ ಪ್ರಶ್ನೆಗಳಿಗೆ ಎಲ್ಲರೂ ಚೆನ್ನಾಗಿಯೇ ಉತ್ತರಿಸುತ್ತಾರೆ. ಸೋತ ಮೂರು ಪಂದ್ಯಗಳ ಪೂರ್ಣ ವಿಡಿಯೊವನ್ನು ಅಭ್ಯರ್ಥಿಗಳಿಗೆ ಒಂದು ವಾರ ಮೊದಲೇ ಕಳುಹಿಸಿ, ನಿಮ್ಮ ಮೊದಲ ಐದು ಅಭ್ಯಾಸಗಳಲ್ಲಿ ಏನು ಮಾಡಿಸುತ್ತೀರಿ ಎಂದು ಮಾತ್ರ ಕೇಳಿ. ವಿಡಿಯೊ ನೋಡದವರು ಅಲ್ಲೇ ಸಿಕ್ಕಿಬೀಳುತ್ತಾರೆ. ನೋಡಿದವರಲ್ಲೂ ಹತ್ತು ದೋಷ ಪಟ್ಟಿ ಮಾಡುವವರಿಗಿಂತ, ಮೊದಲು ಈ ಎರಡನ್ನು ಸರಿಮಾಡುತ್ತೇನೆ, ಉಳಿದದ್ದು ಈ ವರ್ಷ ಆಗದು, ಎನ್ನುವವರನ್ನು ನಾನು ನಂಬುತ್ತೇನೆ. ಅವರು ಹಿಂದೆ ತಂಡದಿಂದ ಕೈಬಿಟ್ಟ ಆಟಗಾರರಲ್ಲಿ ಇಬ್ಬರೊಂದಿಗಾದರೂ ಮಾತನಾಡಿ. ಆಡುವ ಅವಕಾಶ ಪಡೆದವರು ಹೊಗಳುತ್ತಾರೆ, ಅದು ಸಹಜ. ಕೈಬಿಡುವಾಗ ಮುಖ ನೋಡಿ ಕಾರಣ ಹೇಳಿದ್ದರೇ ಎಂಬುದು ಹೊರಬಿದ್ದವರಿಗಷ್ಟೇ ಗೊತ್ತು.

ವಿದೇಶಿ, ಸ್ವದೇಶಿ ಎಂಬ ಚರ್ಚೆಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಭಾರತಕ್ಕೆ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥವರು ಬೆಳೆದ ನಾಡು ನಮ್ಮದು. ಭಾರತದ ಮಾಜಿ ನಾಯಕ, ಬೆಂಗಳೂರಿನ ಜೂಡ್ ಫೆಲಿಕ್ಸ್ 2020ರಲ್ಲಿ ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. ವಿದ್ಯೆಗೆ ಇಲ್ಲಿ ಬರವಿಲ್ಲ. ಆದರೆ ದೊಡ್ಡ ಆಟಗಾರರೆಲ್ಲ ದೊಡ್ಡ ಕೋಚ್ ಆಗುವುದಿಲ್ಲ, ತಮಗೆ ಸಲೀಸಾಗಿ ಬಂದದ್ದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ ಎಂಬುದೇ ಕೆಲವರಿಗೆ ಹೊಳೆಯುವುದಿಲ್ಲ. ಇನ್ನು ಲೀಗ್ ತಂಡಕ್ಕೆ ರಾಷ್ಟ್ರೀಯ ತಂಡದ ಅಳತೆ ಪೂರ್ತಿ ಹೊಂದುವುದೂ ಇಲ್ಲ. ಹಾಕಿ ಇಂಡಿಯಾ ಲೀಗ್ ಮರಳಿ ಶುರುವಾದಾಗ ಪುರುಷರ ಪಂದ್ಯಗಳು 2024ರ ಡಿಸೆಂಬರ್ 28ರಿಂದ ಫೆಬ್ರವರಿ 1ರವರೆಗೆ, ಅಂದರೆ ಐದೇ ವಾರ ನಡೆದವು. 24 ಜನರ ತಂಡದಲ್ಲಿ ಎಂಟು ಮಂದಿ ವಿದೇಶಿಯರು. ಇಷ್ಟು ಕಡಿಮೆ ಅವಧಿಯಲ್ಲಿ ಯಾವ ಕೋಚೂ ಹೊಸ ಪದ್ಧತಿ ಕಲಿಸಲಾರರು. ಅವರ ಅರ್ಧ ಕೆಲಸ ಆಟಗಾರರನ್ನು ಕೊಳ್ಳುವ ಹರಾಜಿನ ಮೇಜಿನ ಬಳಿಯೇ ಮುಗಿದಿರುತ್ತದೆ. ಹರಾಜು ಮುಗಿದ ಮೇಲೆ ಕರೆತಂದ ಕೋಚ್ ಬೇರೆಯವರು ಕೊಂಡ ಸಾಮಾನಿನಲ್ಲಿ ಅಡುಗೆ ಮಾಡಬೇಕಾಗುತ್ತದೆ.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಟಿಪ್ಪಣಿಯಲ್ಲಿ ಹೀಗೆ ಬರೆಯುತ್ತಿದ್ದೆ: ಈ ಆವೃತ್ತಿ ಮುಗಿಯುವವರೆಗೆ ಸಹಾಯಕ ಕೋಚ್‌ಗೆ, ಹನ್ನೊಂದು ಜನರನ್ನು ಅವರೇ ಆರಿಸುತ್ತಾರೆ ಎಂಬ ಲಿಖಿತ ಮಾತಿನೊಂದಿಗೆ ಹೊಣೆ ಕೊಡುವುದು, ಏಕೆಂದರೆ ಆಟಗಾರರ ಹೆಸರು ಕಲಿಯಲು ಅವರಿಗೆ ಒಂದು ದಿನವೂ ಬೇಕಿಲ್ಲ. ವಿದೇಶಿ ಕೋಚ್‌ಗೂ ಹಳೆಯ ಆಟಗಾರರಿಗೂ ಈಗಲೇ ಆ ಮೂರು ವಿಡಿಯೊ ಕಳುಹಿಸಿ, ಆವೃತ್ತಿ ಮುಗಿದ ಮೇಲೆ ಸಹಾಯಕರನ್ನೂ ಅವರ ಜೊತೆ ಕೂರಿಸಿ ಮೂವರಿಗೂ ಒಂದೇ ಪ್ರಶ್ನೆ ಕೇಳುವುದು. ಆಯ್ಕೆಯಾದವರಿಗೆ ಮುಂದಿನ ಹರಾಜಿಗೆ ಕನಿಷ್ಠ ಮೂರು ತಿಂಗಳು ಮೊದಲೇ ನೇಮಕ ಪತ್ರ ಕೊಟ್ಟು, ಒಪ್ಪಂದವನ್ನು ಎರಡು ಆವೃತ್ತಿಗಳಿಗೆ ಮಾಡುವುದು. ಮಾಲೀಕರ ಕಡೆಯಿಂದ ಆಟಗಾರರ ಹೆಸರಿರುವ ಚೀಟಿ ಯಾವ ರೂಪದಲ್ಲೂ ಡ್ರೆಸ್ಸಿಂಗ್ ರೂಮಿಗೆ ಬರಕೂಡದೆಂಬ ಷರತ್ತನ್ನು ಆ ಒಪ್ಪಂದದಲ್ಲೇ ಸೇರಿಸಲು ಮಾಲೀಕರು ಒಪ್ಪದಿದ್ದರೆ, ಈಗಿರುವ ಕೋಚನ್ನು ತೆಗೆದು ಹೊಸಬರಿಗೆ ಖರ್ಚು ಮಾಡುವ ಹಣ ಉಳಿಸಿಕೊಳ್ಳಿ ಎಂದು ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕುತ್ತಿದ್ದೆ.